ಮನೆಯ ಮರಗೆಲಸಕ್ಕೆ ಜಿಗ್‌ಸಾ: ಒಂದು ವರ್ಷದ ಬಳಕೆಯ ನಂತರ

ಶಿರಸಿಯ ನಮ್ಮ ಹಳೆಯ ಮನೆಯಲ್ಲಿ ಮಳೆಗಾಲಕ್ಕೆ ಉಬ್ಬಿದ ಬಾಗಿಲು, ಗೆದ್ದಲು ತಿಂದ ರೀಪು, ಅಟ್ಟದ ಹಲಗೆ ಎಂದು ಸಣ್ಣಪುಟ್ಟ ಕೆಲಸಕ್ಕೂ ಬಡಗಿಯ ದಾರಿ ಕಾಯುವುದು ಸಾಕಾಗಿ, ಕಳೆದ ವರ್ಷ ಒಂದು ಜಿಗ್‌ಸಾ, ಅಂದರೆ ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುತ್ತ ಮರ ಕೊಯ್ಯುವ ವಿದ್ಯುತ್ ಗರಗಸ, ಕೊಂಡೆ. ಅಂಗಡಿಯವರು ನಾಲ್ಕು ಇಂಚಿನ ಮಾರ್ಬಲ್ ಕಟರ್‌ಗೇ ಮರದ ಬ್ಲೇಡ್ ಹಾಕಿಕೊಳ್ಳಿ, ಅಗ್ಗವಾಗುತ್ತದೆ ಎಂದು ಒತ್ತಾಯಿಸಿದ್ದರು; ಆದರೆ ಕಲ್ಲು ಕೊಯ್ಯಲೆಂದೇ ಮಾಡಿದ, ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಆ ಯಂತ್ರದ ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಅದು ನಮ್ಮತ್ತಲೇ ಚಿಮ್ಮುತ್ತದೆ. ನನ್ನ ಮಟ್ಟಿಗೆ ಅಂಥ ಉಳಿತಾಯ ಬೇಡ.

ಜಿಗ್‌ಸಾ ನಿಧಾನ, ನಿಜ. ಅದರ ಬ್ಲೇಡ್ ಮೇಲಕ್ಕೆ ಹೋಗುವಾಗ ಕೊಯ್ಯುವುದರಿಂದ ಪ್ಲೈವುಡ್ಡಿನ ಮೇಲ್ಮುಖದಲ್ಲಿ ಸಿಬಿರು ಏಳುತ್ತದೆ. ಇದು ಗೊತ್ತಿಲ್ಲದೆ ನಾನು ಅಡುಗೆಮನೆಯ ಕಪಾಟಿನ ಒಂದು ಬಾಗಿಲನ್ನೇ ಹಾಳುಮಾಡಿಕೊಂಡೆ. ಈಗ ಚಂದದ ಮುಖವನ್ನು ಕೆಳಗೆ ಮಾಡಿ, ಗೆರೆಯ ಮೇಲೆ ಟೇಪು ಅಂಟಿಸಿಯೇ ಕೊಯ್ಯುತ್ತೇನೆ. ಎರಡು ಇಂಚು ದಪ್ಪದ ಹಳೆಯ ಹಲಸಿನ ಹಲಗೆಯಲ್ಲಿ ಬ್ಲೇಡ್ ಬಾಗಿ ಕೊಯ್ತ ಓರೆಯಾಯಿತು. ಉದ್ದನೆಯ ನೇರ ಕೊಯ್ತವೇ ಹೆಚ್ಚಿದ್ದವರು ದುಂಡನೆಯ ಬ್ಲೇಡ್ ತಿರುಗಿ ಮರ ಕೊಯ್ಯುವ ಏಳು ಇಂಚಿನ ಸರ್ಕ್ಯುಲರ್ ಸಾ ಕೊಳ್ಳುವುದು ಲೇಸು.

ಕೊಳ್ಳುವಾಗ ವೇಗ ಹೊಂದಿಸುವ ಗುಂಡಿ ಮತ್ತು ಟಿ ಆಕಾರದ ಹಿಡಿಯ ಬ್ಲೇಡ್ ಕೂರುವ ಬಾಯಿ ಇವೆಯೇ ಎಂದು ನೋಡಿ. ನಮ್ಮ ಮಳೆಗಾಲಕ್ಕೆ ಬ್ಲೇಡುಗಳನ್ನು ಎಣ್ಣೆ ಸವರಿ ಮುಚ್ಚಿಡದಿದ್ದರೆ ತುಕ್ಕು ಹಿಡಿಯುವುದು ಖಂಡಿತ.