ಡೊಂಬಿವಲಿ ಸ್ಲೋ ಲೋಕಲ್: 14 ವರ್ಷ ಓಡಾಡಿದ ಮೇಲೆ

ಮದುವೆಯಾಗಿ ಹುಬ್ಬಳ್ಳಿಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 14 ವರ್ಷ ಆಯ್ತು. ಅಂದಿನಿಂದ ಮಾಟುಂಗಾದ ಕೆಲಸಕ್ಕೆ ಹೋಗಿಬರುವುದು ಮುಂಬೈ ಲೋಕಲ್‌ನಲ್ಲೇ. ಹೊಸಬರು ಕೇಳುವುದು ಒಂದೇ: ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಫಾಸ್ಟ್ ಹಿಡಿಯಲಾ, ಎಲ್ಲಾ ಕಡೆ ನಿಲ್ಲುವ ಸ್ಲೋ ಹಿಡಿಯಲಾ? ಸ್ಲೋ ಹಿಡಿಯಿರಿ. ಅದೂ ಡೊಂಬಿವಲಿಯಿಂದಲೇ ಹೊರಡುವ ಗಾಡಿ.

ಕಸಾರಾ, ಕರ್ಜತ್ ಕಡೆಯ ಫಾಸ್ಟ್ ಗಾಡಿಗಳು ನಮ್ಮಲ್ಲಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿರುತ್ತವೆ. ಮಾಟುಂಗಾದಲ್ಲಿ ಅವು ನಿಲ್ಲುವುದೂ ಇಲ್ಲ. ದಾದರ್‌ನಲ್ಲಿ ಇಳಿದು ಒಂದು ಸ್ಟೇಷನ್ ವಾಪಸ್ ಬರಬೇಕು. ಮೊದಲೆರಡು ವರ್ಷ ಹಾಗೇ ಮಾಡಿದೆ. ಉಳಿಸಿದ ಹತ್ತು ನಿಮಿಷ ದಾದರ್ ಸೇತುವೆಯ ನೂಕುನುಗ್ಗಲಿನಲ್ಲೇ ಹೋಗುತ್ತಿತ್ತು. ಸ್ಲೋದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ಆದರೆ ಕೂತು ಹೋಗುತ್ತೇನೆ.

ಸಂಜೆ ಬರುವಾಗ ಹಾಗಲ್ಲ. ಲೇಡೀಸ್ ಡಬ್ಬಿ ಹತ್ತಿದ ಕೂಡಲೇ ಕೂತವರನ್ನು ಕೇಳಬೇಕು: "ಕುಠೆ ಉತರಣಾರ್?" ಅಂದರೆ ಮರಾಠಿಯಲ್ಲಿ, ಎಲ್ಲಿ ಇಳಿಯುತ್ತೀರಿ? ದಾರಿಯಲ್ಲಿ ಬರುವ ಘಾಟ್ಕೋಪರ್‌ನಲ್ಲಿ ಅಂತ ಹೇಳಿದರೆ, ಅವರು ಇಳಿದ ಮೇಲೆ ಆ ಸೀಟು ನಿಮ್ಮದು. ಆಮೇಲೆ ಯಾರು ಕೇಳಿದರೂ ಅವರೇ ನಿಮ್ಮ ಕಡೆ ಕೈ ತೋರಿಸುತ್ತಾರೆ. ಅಲ್ಲಿಯವರೆಗೆ ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂರಬಹುದು, ಒಂದು ಕಾಲು ನೆಲಕ್ಕೆ ಊರಿಕೊಂಡು. ಮುಲುಂಡ್ ದಾಟಿದರೆ ಸ್ವಲ್ಪ ಉಸಿರಾಡಬಹುದು. ಯಾರೋ ಮೆಂತ್ಯ ಸೊಪ್ಪಿನ ಕಟ್ಟು ಬಿಚ್ಚಿ ಮಡಿಲಲ್ಲಿ ಹಾಕಿಕೊಳ್ಳುತ್ತಾರೆ. ಪಕ್ಕದವರು ಸುಮ್ನೆ ಕೈ ಹಾಕಿ ಎಲೆ ಬಿಡಿಸಿಕೊಡುತ್ತಾರೆ. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ದಿನವೂ ನಿಂತು ಬಂದಿಲ್ಲ. ಹೆಸರೂ ಗೊತ್ತಿಲ್ಲದ ಹೆಂಗಸರು ಎದ್ದು ಕೂರಿಸಿದರು. ಅದನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ಖರ್ಚು ತೀರಾ ಕಡಿಮೆ. ಕನಿಷ್ಠ ಟಿಕೆಟ್ 5 ರೂಪಾಯಿ. ತಿಂಗಳ ಸೆಕೆಂಡ್ ಕ್ಲಾಸ್ ಪಾಸ್ ತೆಗೆಸಿದರೆ ದಿನಕ್ಕೆ ಒಂದು ಚಹಾದ ದುಡ್ಡು ಅಷ್ಟೆ.

ತೊಂದರೆಗಳೂ ಇವೆ. ಜೋರು ಮಳೆ ಬಂದರೆ ಕುರ್ಲಾ, ಸಾಯನ್ ಹತ್ತಿರ ಹಳಿ ಮೇಲೆ ನೀರು ನಿಲ್ಲುತ್ತದೆ. ಜುಲೈನಲ್ಲಿ ಬ್ಯಾಗಿನಲ್ಲಿ ಬಿಸ್ಕತ್ತು, ನೀರು ಇರಲಿ. ಭಾನುವಾರ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಕೆಲವು ಗಂಟೆ ಲೈನ್ ಬಂದ್ ಮಾಡುವುದು) ಇದೆಯಾ ಅಂತ ನೋಡದೆ ಹೊರಡಬೇಡಿ.

ದಯವಿಟ್ಟು ಬಾಗಿಲಲ್ಲಿ ನೇತಾಡಬೇಡಿ. 2025ರ ಜೂನ್‌ನಲ್ಲಿ ಇದೇ ದಾರಿಯ ಮುಂಬ್ರಾ ಹತ್ತಿರದ ತಿರುವಿನಲ್ಲಿ ಹಾಗೆ ಹೋಗುತ್ತಿದ್ದವರು ಬಿದ್ದು ಸತ್ತರು. ದಿನಾ ಆ ತಿರುವು ಬಂದಾಗ ಕಂಬಿ ಹಿಡಿದ ಕೈ ತಾನಾಗೇ ಬಿಗಿಯಾಗುತ್ತದೆ. ಎಸಿ ಲೋಕಲ್‌ನಲ್ಲಿ ಬಾಗಿಲು ಮುಚ್ಚುತ್ತದೆ, ಆದರೆ ಪಾಸಿಗೆ ದುಡ್ಡು ಜಾಸ್ತಿ, ಗಾಡಿಗಳೂ ಕಡಿಮೆ. ಈಗಿನ ಸೆಕೆಂಡ್ ಕ್ಲಾಸ್ ದರದಲ್ಲೇ ಬಾಗಿಲು ಮುಚ್ಚುವ ಗಾಡಿ ಬರಬೇಕು.