‘ಒಂದು ಹುಳನೂ ಸಾಯಲ್ಲ’ ಅಂದವರು ಎರಿಯನ್ನು ಗೋಡೆಯೊಳಗೇ ಬಿಟ್ಟುಹೋದರು

ಗೋಡೆಯೊಳಗೆ ಜೇನು ಕೂತಿದೆ, ಕೊಲ್ಲದೆ ಬೇರೆ ಕಡೆ ಸಾಗಿಸಬೇಕು ಅಂತ ಯಾರಿಗಾದರೂ ಫೋನ್ ಮಾಡಲು ಹೊರಟಿದ್ದೀರಾ? ಹಾಗಿದ್ದರೆ ದುಡ್ಡಿನ ಮಾತಿಗೂ ಮೊದಲು ಒಂದು ಪ್ರಶ್ನೆ ಕೇಳಿ: ‘ಎರಿ ತೆಗೀತೀರಾ?’ (ಎರಿ ಅಂದರೆ ನೊಣಗಳು ಜೇನು, ಮರಿ ಇಟ್ಟುಕೊಳ್ಳುವ ಮೇಣದ ತಟ್ಟೆ.) ಆ ಕಡೆಯಿಂದ ‘ಅದೆಲ್ಲ ಬೇಕಾಗಲ್ಲ ಸಾರ್, ಹುಳ ಹೋದ್ರೆ ಮುಗೀತು’ ಅನ್ನುವ ಉತ್ತರ ಬಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ನಮ್ಮ ಮನೆಗೆ ಬಂದವರು ನೊಣ ತೆಗೆದರು, ಎರಿ ಬಿಟ್ಟರು. ಅದರಿಂದ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ, ಇನ್ನೊಬ್ಬರ ಮನೆಯಲ್ಲಿ ಹೀಗಾಗುವುದು ಬೇಡ.

ನಮ್ಮಲ್ಲಿ ಕೂತಿದ್ದು ತುಡುವೆ, ಪೆಟ್ಟಿಗೆಯಲ್ಲೂ ಸಾಕುವ ನಮ್ಮ ನಾಡಿನ ಜೇನು. ಪೈಪು ಹಾಯಲಿ ಅಂತ ಗೋಡೆಯ ಮೂಲೆಯಲ್ಲಿ ಬಿಟ್ಟಿದ್ದ ಡಕ್ಟ್‌ನೊಳಗೆ, ಒಳಗಡೆಯಿಂದ ಪ್ಲೈವುಡ್ ಹಲಗೆ ಮುಚ್ಚಿದ್ದ ಜಾಗದಲ್ಲಿ. ಹೊರಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ಸಂದು, ಅದೇ ಅವುಗಳ ಬಾಗಿಲು. ಹೆಜ್ಜೇನು ಬಯಲಲ್ಲೇ ಒಂದು ದೊಡ್ಡ ಎರಿ ಇಳಿಬಿಡುತ್ತದೆ, ಎಷ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ. ತುಡುವೆ ಹಾಗಲ್ಲ. ಅದಕ್ಕೆ ಕತ್ತಲೆಯ ಪೊಟರೆ ಬೇಕು, ಒಳಗೆ ಒಂದರ ಪಕ್ಕ ಒಂದರಂತೆ ಹಲವು ಎರಿ ಕಟ್ಟುತ್ತದೆ. ಹೊರದೇಶದಿಂದ ತಂದು ಸಾಕುವ ಮೆಲ್ಲಿಫೆರಾ ಜೇನೂ ಇದೇ ಸ್ವಭಾವದ್ದು. ಸಂದಿನ ಬಾಯಲ್ಲಿ ಹತ್ತಿಪ್ಪತ್ತು ನೊಣ ಓಡಾಡುವಾಗ ಗೋಡೆಯ ಹಿಂದೆ ಸಾವಿರಾರು ಇರುತ್ತವೆ. ನೋಡುವವರಿಗೆ ಮಾತ್ರ ‘ನಾಲ್ಕು ಹುಳ’ ಅಷ್ಟೇ.

ಕರೆದಾಗ ಆ ಸಂಸ್ಥೆಯವರ ಮಾತು ಬಹಳ ಮೆತ್ತಗಿತ್ತು. ಒಂದು ಹುಳನೂ ಸಾಯಲ್ಲ, ಜೀವಂತ ಹಿಡಿದು ಕಾಡಿಗೆ ಬಿಡುತ್ತೇವೆ, ಗೋಡೆ ಒಡೆಯುವ ರಗಳೆಯೂ ಇಲ್ಲ ಅಂದರು. ಆ ಕೊನೆಯ ಮಾತೇ ಜನರನ್ನು ಒಪ್ಪಿಸುವುದು. ಗೋಡೆ ಬಿಚ್ಚದೆ ಒಳಗಿನ ಎರಿ ಹೊರಗೆ ಬರುವ ದಾರಿ ಯಾವುದಿದೆ?

ಬಂದದ್ದು ನಡುಮಧ್ಯಾಹ್ನ. ಹಲಗೆಗೆ ಒಂದು ತೂತು ಕೊರೆದು ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆ ತೂರಿಸಿದರು. ಸಿಕ್ಕಷ್ಟು ನೊಣಗಳನ್ನು ಎಳೆದುಕೊಂಡು, ತೂತಿನೊಳಗೆ ಕೈ ಹಾಕಿ ಏನನ್ನೋ ‘ಸ್ವಲ್ಪ’ ಸಿಂಪಡಿಸಿದರು. ಏನದು ಅಂತ ಕೇಳಿದ್ದಕ್ಕೆ ‘ವಾಸನೆ ಹೋಗಲಿಕ್ಕೆ’ ಅಂದರು. ಹೊರಗಿನ ಸಂದಿಗೂ ಹಲಗೆಯ ತೂತಿಗೂ ಫೋಮ್ ತುಂಬಿ, ದುಡ್ಡು ಎಣಿಸಿಕೊಂಡು ಹೊರಟರು.

ಸಂಜೆಗೇ ಗೊತ್ತಾಯಿತು. ಮಧ್ಯಾಹ್ನ ಮಕರಂದ ತರಲು ಹೋಗಿದ್ದ ನೊಣಗಳೆಲ್ಲ ವಾಪಸ್ ಬಂದು, ಬಾಗಿಲು ಮುಚ್ಚಿದ ಮನೆಯ ಮುಂದೆ ಗುಂಪುಗಟ್ಟಿ ಹೊರಗೋಡೆಗೆ ಅಂಟಿಕೊಂಡಿದ್ದವು. ಒಳಗೆ ಇನ್ನೂ ಕೆಟ್ಟದು. ಕೊಳವೆಗೆ ಸಿಗದೆ ಉಳಿದಿದ್ದ ನೊಣಗಳು ಬೆಳಕು ಕಂಡ ಕಡೆ ನುಗ್ಗಿ, ಸ್ವಿಚ್‌ಬೋರ್ಡಿನ ಸಂದಿನಿಂದ, ಟ್ಯೂಬ್‌ಲೈಟಿನ ವೈರ್ ಬರುವ ತೂತಿನಿಂದ ಕೋಣೆಯೊಳಗೆ ಇಳಿಯತೊಡಗಿದವು. ಒಳಗೆ ಜೇನಿನ ಕುಟುಂಬ ಇರುವಾಗ ಹೊರಬಾಗಿಲು ಮುಚ್ಚಿದರೆ ಅವು ಒಳದಾರಿ ಹುಡುಕುತ್ತವೆ, ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ದಯವಿಟ್ಟು ಯಾರೂ ಸಿಮೆಂಟು, ಫೋಮ್, ಬಟ್ಟೆ ತುರುಕಿ ಜೇನಿನ ಬಾಗಿಲು ಮುಚ್ಚಲು ಹೋಗಬೇಡಿ. ರಾತ್ರಿಯೆಲ್ಲ ದೀಪದ ಸುತ್ತ ನೊಣ, ಬೆಳಗ್ಗೆ ನೆಲದ ಮೇಲೆ ಸತ್ತ ನೊಣ. ಮಕ್ಕಳಿರುವ ಮನೆಯಲ್ಲಿ ಬರಿಗಾಲಲ್ಲಿ ಓಡಾಡುವ ಹಾಗಿಲ್ಲ. ಸತ್ತ ನೊಣದ ಕೊಂಡಿಯೂ ಚುಚ್ಚುತ್ತದೆ.

ಅದು ನಿಂತ ಮೇಲೆ ಒಂದಷ್ಟು ದಿನ ಎಲ್ಲ ಸರಿಹೋಯಿತು ಅನ್ನಿಸುವ ಹಾಗಿತ್ತು. ಆಮೇಲೆ ವಾಸನೆ ಶುರುವಾಯಿತು. ಹಲಗೆಯ ಕೆಳಅಂಚಿನಲ್ಲಿ ಕಂದು ಕಲೆ ಕಾಣಿಸಿ, ಹಿಗ್ಗುತ್ತ, ಬಣ್ಣ ಉಬ್ಬಿ, ಕೊನೆಗೆ ಜೇನು ತೊಟ್ಟಿಕ್ಕತೊಡಗಿತು. ಇರುವೆ ಸಾಲು ಹಿಡಿಯಿತು.

ಯಾಕೆ ಹೀಗೆ ಅಂತ ಆಮೇಲೆ ಬಂದ ಹಳೇ ಜೇನು ಕೃಷಿಕರು ವಿವರಿಸಿದರು. ಜೇನುನೊಣಗಳು ಮರಿಗಳಿರುವ ಭಾಗವನ್ನು ಸುಮಾರು 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳುತ್ತವೆ. ಸೆಕೆಯಾದರೆ ನೀರು ತಂದು ಹನಿಸಿ ರೆಕ್ಕೆ ಬೀಸುತ್ತವೆ, ಚಳಿಯಾದರೆ ಒತ್ತೊತ್ತಾಗಿ ಕೂತು ಮೈ ಕಾವು ಕೊಡುತ್ತವೆ. ಬಿಸಿಲು ಬೀಳುವ ಗೋಡೆಯೊಳಗೆ ಮೇಣದ ಎರಿ ತುಂಬಿದ ಜೇನಿನ ಭಾರ ಹೊತ್ತು ನಿಂತಿರುವುದು ಈ ಆರೈಕೆಯಿಂದ. ಜೇನುಮೇಣ ಕರಗುವುದು 62–64 ಡಿಗ್ರಿಯಲ್ಲಾದರೂ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಿ ಜೋತುಬೀಳುತ್ತದೆ. ಗಾಳಿ ಬೀಸುವವರನ್ನು ಎಳೆದೊಯ್ದ ಮೇಲೆ ಎರಿ ಕುಸಿಯಿತು, ಮುಚ್ಚಳ ಒಡೆದ ಕೋಣೆಗಳಿಂದ ಜೇನು ಇಳಿಯಿತು, ಕಾವಿಲ್ಲದೆ ಆಹಾರವಿಲ್ಲದೆ ಮರಿಗಳು ಅಲ್ಲೇ ಕೊಳೆತವು. ಕಾವಲಿಲ್ಲದ ಎರಿಗೆ ಮೇಣದ ಪತಂಗ ಬಂತು. ಗಟ್ಟಿಮುಟ್ಟಾದ ಕುಟುಂಬ ಇದ್ದಾಗ ಅದರ ಆಟ ಹೆಚ್ಚು ನಡೆಯುವುದಿಲ್ಲ. ಬಿಟ್ಟುಹೋದ ಎರಿ ಸಿಕ್ಕರೆ ಅದರ ಹುಳು ಮೇಣ ಕೊರೆಯುತ್ತ ಬಲೆ ನೇಯ್ದುಬಿಡುತ್ತದೆ.

ಆ ಕೃಷಿಕರು ಮೊದಲು ಮಾಡಿದ್ದು ಹಲಗೆಗೆ ಕಿವಿಯಿಟ್ಟು ಬೆರಳಿಂದ ತಟ್ಟಿದ್ದು. ಜೀವಂತ ಕುಟುಂಬವಾದರೆ ತಟ್ಟಿದ ಕೂಡಲೇ ಒಳಗಿಂದ ಗುಂಯ್ ಅನ್ನುವ ಉತ್ತರ ಬರುತ್ತದಂತೆ. ಏನೂ ಬರಲಿಲ್ಲ. ಹಲಗೆ ಬಿಚ್ಚಿದಾಗ ಕಂಡದ್ದನ್ನು ಪೂರ್ತಿ ಬರೆಯಲಾರೆ. ಮಾಸಲು ಕಪ್ಪಾಗಿ ಕುಸಿದ ಎರಿ, ನಡುವೆ ಬಿಳಿ ಬಲೆ, ಅಡಿಯಲ್ಲಿ ಅಂಗೈ ಎತ್ತರ ಸತ್ತ ನೊಣದ ರಾಶಿ. ಅವರು ಒಂದು ಹಿಡಿ ಎತ್ತಿ ತೋರಿಸಿದರು: ಬಹಳಷ್ಟು ನೊಣಗಳ ನಾಲಗೆ ಉದ್ದಕ್ಕೆ ಚಾಚಿಕೊಂಡಿತ್ತು. ವಿಷ ತಗುಲಿ ಸತ್ತ ನೊಣಗಳಲ್ಲಿ ಕಾಣುವ ಗುರುತುಗಳಲ್ಲಿ ಅದೂ ಒಂದು. ‘ವಾಸನೆ ಹೋಗಲಿಕ್ಕೆ’ ಹೊಡೆದದ್ದು ಏನೆಂದು ನನಗೆ ಆಗ ಅನುಮಾನ ಉಳಿಯಲಿಲ್ಲ. ರಾಶಿಯಲ್ಲಿ ಹುಡುಕಿ ಉದ್ದ ಹೊಟ್ಟೆಯ ರಾಣಿಯನ್ನೂ ಎತ್ತಿಟ್ಟರು.

ಇಲ್ಲಿಗೆ ‘ಕಾಡಿಗೆ ಬಿಟ್ಟೆವು’ ಅನ್ನುವ ಮಾತಿನ ಅರ್ಥವೂ ಬಿಚ್ಚಿಕೊಂಡಿತು. ರಾಣಿ ಗೋಡೆಯೊಳಗೆ ಸತ್ತಿದ್ದಳು, ಮೊಟ್ಟೆ ಮರಿಗಳೆಲ್ಲ ಗೋಡೆಯೊಳಗಿದ್ದವು. ಹಾಗಾದರೆ ಅವರು ಒಯ್ದದ್ದು ಬರೀ ಕೆಲಸಗಾರ ನೊಣಗಳನ್ನು. ರಾಣಿ ಸತ್ತರೂ ಮೊಟ್ಟೆಗಳೋ ಮೂರು ದಿನಕ್ಕಿಂತ ಕಡಿಮೆ ವಯಸ್ಸಿನ ಎಳೆಮರಿಗಳೋ ಇದ್ದರೆ ನೊಣಗಳು ಅವಕ್ಕೆ ರಾಜಶಾಹಿ ರಸ ಉಣ್ಣಿಸಿ ಹೊಸ ರಾಣಿ ಮಾಡಿಕೊಳ್ಳಬಲ್ಲವು. ಎರಡೂ ಇಲ್ಲದಿದ್ದರೆ ಕೆಲವು ಕೆಲಸಗಾರ ನೊಣಗಳೇ ಮೊಟ್ಟೆಯಿಡಲು ಶುರುಮಾಡುತ್ತವೆ, ಅವು ಗರ್ಭಕಟ್ಟದ ಮೊಟ್ಟೆ, ಹುಟ್ಟುವುದೆಲ್ಲ ಗಂಡು. ಗಂಡುನೊಣ ಮಕರಂದ ತರುವುದಿಲ್ಲ, ಎರಿ ಕಟ್ಟುವುದಿಲ್ಲ. ಅಂಥ ಗುಂಪು ಕೆಲವು ವಾರಗಳಲ್ಲಿ ತೀರಿಹೋಗುತ್ತದೆ. ಅದೂ ಕಾಡು ಮುಟ್ಟಿದ್ದರೆ. ಸಾಮಾನ್ಯ ವ್ಯಾಕ್ಯೂಮಿನ ಸೆಳೆತಕ್ಕೆ ಕೊಳವೆ ಗೋಡೆಗೆ ಬಡಿದು, ಜೇನು ಮೆತ್ತಿಕೊಂಡು, ಗಾಳಿಯಾಡದ ಚೀಲದಲ್ಲಿ ಕಾವು ಹೆಚ್ಚಿ, ದಾರಿಯಲ್ಲೇ ಬಹುಪಾಲು ಸಾಯುತ್ತವೆ. ಜೇನು ಹಿಡಿಯಲೆಂದೇ ಮಾಡಿದ ವ್ಯಾಕ್ಯೂಮಿನ ಸೆಳೆತ ತಗ್ಗಿಸಬಹುದು, ನೊಣ ಹೋಗಿ ಕೂರುವುದು ಜಾಲರಿ ಇರುವ ಪೆಟ್ಟಿಗೆಯಲ್ಲಿ.

ಗೋಡೆಯಲ್ಲಿದ್ದ ಜೇನನ್ನು ಕೃಷಿಕರು ಯಾರಿಗೂ ಮುಟ್ಟಗೊಡಲಿಲ್ಲ, ಹೊರಗೆ ಎಸೆಯಲೂ ಬಿಡಲಿಲ್ಲ. ವಿಷ ಬಿದ್ದ ಎರಿಯನ್ನು ಬಯಲಲ್ಲಿಟ್ಟರೆ ಸುತ್ತಲಿನ ಬೇರೆ ಕುಟುಂಬಗಳ ನೊಣ ಬಂದು ಕದ್ದೊಯ್ಯುತ್ತವೆ, ವಿಷ ಅವುಗಳ ಗೂಡಿಗೂ ಹೋಗುತ್ತದೆ. ಎಲ್ಲವನ್ನೂ ಬಿಗಿಯಾಗಿ ಚೀಲಕ್ಕೆ ಕಟ್ಟಿಸಿದರು.

ಸರಿಯಾದ ಕೆಲಸ ಹೇಗಿರುತ್ತದೆ ಅಂತ ಆಮೇಲೆ ಅವರ ಜತೆ ಹೋಗಿ ಬೇರೊಂದು ಮನೆಯಲ್ಲಿ ನೋಡಿದೆ. ಮೊದಲು ಗೂಡು ಎಲ್ಲಿಂದ ಎಲ್ಲಿಯವರೆಗಿದೆ ಅಂತ ಗುರುತು ಮಾಡಿಕೊಂಡರು. ಶಬ್ದ, ಗೋಡೆಯ ಕಾವು, ಎರಡೂ ದಾರಿ ತೋರಿಸುತ್ತವೆ (ಥರ್ಮಲ್ ಕ್ಯಾಮೆರಾ ಇಟ್ಟುಕೊಂಡವರೂ ಇದ್ದಾರಂತೆ). ಬಾಗಿಲಿಗೆ ಎರಡು ಮೂರು ಸಲ ತೆಳು ಹೊಗೆ. ಹೊಗೆ ಎದ್ದರೆ ನೊಣಗಳು ಗೂಡು ಬಿಡಬೇಕಾಗಬಹುದೆಂದು ಹೊಟ್ಟೆ ತುಂಬ ಜೇನು ಕುಡಿಯುತ್ತವೆ, ಅಪಾಯದ ಸುದ್ದಿ ಹರಡುವ ವಾಸನೆಯೂ ಮಸುಕಾಗುತ್ತದೆ. ಆಮೇಲೆ ಹಲಗೆ ಪೂರ್ತಿ ಬಿಚ್ಚಿದರು. ಅರ್ಧ ಬಿಚ್ಚುವುದು ಅನ್ನುವ ಮಾತೇ ಇಲ್ಲ. ಒಂದೊಂದೇ ಎರಿಯನ್ನು ಚಾಕುವಿನಿಂದ ಬಿಡಿಸಿ, ಮರಿಯಿರುವ ಭಾಗವನ್ನು ಜೇನುಪೆಟ್ಟಿಗೆಯ ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೊದಲಿದ್ದ ದಿಕ್ಕಿನಲ್ಲೇ ನಿಲ್ಲಿಸಿ ದಾರದಲ್ಲಿ ಕಟ್ಟಿದರು. ಜೇನಿನ ಭಾಗ ಬೇರೆ ಪಾತ್ರೆಗೆ, ಯಾಕೆಂದರೆ ಭಾರದ ಎರಿಯನ್ನು ಪೆಟ್ಟಿಗೆಗೆ ಹಾಕಿದರೆ ಕುಸಿದು ನೊಣಗಳನ್ನೇ ಮುಳುಗಿಸುತ್ತದೆ.

ಬಹಳ ಹೊತ್ತು ಹಿಡಿದದ್ದು ರಾಣಿ. ಸಿಕ್ಕಿದ ಮೇಲೆ ಅವಳನ್ನು ಪುಟ್ಟ ಪಂಜರದಲ್ಲಿಟ್ಟು ಪೆಟ್ಟಿಗೆಯೊಳಗೆ ತೂಗಿಸಿದರು. ಅಲ್ಲಿಂದ ಮುಂದೆ ನೊಣಗಳ ಕೆಲಸ. ಪೆಟ್ಟಿಗೆಯ ಬಾಗಿಲಲ್ಲಿ ಕೆಲವು ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತ ‘ಇಲ್ಲಿ ಬನ್ನಿ’ ಅನ್ನುವ ವಾಸನೆ ಹರಡಿದವು, ಉಳಿದವು ಮೆರವಣಿಗೆಯಂತೆ ನಡೆದು ಒಳಹೊಕ್ಕವು. ಪೆಟ್ಟಿಗೆಯನ್ನು ಕತ್ತಲಾಗುವವರೆಗೂ ಹಳೆ ಬಾಗಿಲ ಹತ್ತಿರವೇ ಇಟ್ಟು, ಹೊಲ ಸುತ್ತಲು ಹೋದವು ಮರಳಿದ ಮೇಲೆ ಮುಚ್ಚಿ ಒಯ್ದರು. ನಡುಮಧ್ಯಾಹ್ನ ಬಂದು ನಡುಮಧ್ಯಾಹ್ನವೇ ಹೊರಡುವವರು ಅರ್ಧ ಕುಟುಂಬವನ್ನು ನಿಮ್ಮ ಗೋಡೆಗೆ ಬಿಟ್ಟುಹೋಗುತ್ತಾರೆ ಅಂತಲೇ ಲೆಕ್ಕ.

ದೂರದ ವಿಚಾರವೂ ಇದೆ. ನೊಣಗಳು ತಮ್ಮ ಗೂಡಿನ ಜಾಗವನ್ನು ಸುತ್ತಲಿನ ಗುರುತುಗಳಿಂದ ನೆನಪಿಟ್ಟುಕೊಂಡಿರುತ್ತವೆ. ಪೆಟ್ಟಿಗೆಯನ್ನು ಪಕ್ಕದ ಬೀದಿಗೆ ಒಯ್ದರೆ ಮಾರನೇ ದಿನ ಹಳೆಯ ಗೋಡೆಗೇ ಬಂದು ನಿಲ್ಲುತ್ತವೆ. ಕೆಲವು ಕಿಲೋಮೀಟರ್ ದಾಟಿಸಬೇಕು. ತುಡುವೆಯಂತೂ ಸಿಟ್ಟಾದರೆ ಪೆಟ್ಟಿಗೆ ಬಿಟ್ಟು ಪರಾರಿಯಾಗುವ ಜಾತಿ. ಅದಕ್ಕೇ ಕೆಲಸಗಾರ ನೊಣ ದಾಟಿ ರಾಣಿ ದಾಟಲಾಗದ ಸಣ್ಣ ಗೇಟನ್ನು ಮೊದಲ ಕೆಲವು ದಿನ ಬಾಗಿಲಿಗೆ ಹಾಕಿ, ಸಕ್ಕರೆ ಪಾಕ ಕೊಟ್ಟು ನೆಲೆಯೂರಿಸುತ್ತಾರೆ. ಸಾಗಿಸುವುದು ಎಂದರೆ ಇಷ್ಟೆಲ್ಲ. ‘ಕಾಡಿಗೆ ಬಿಡ್ತೀವಿ’ ಅನ್ನುವವರನ್ನು ‘ಯಾವ ಪೆಟ್ಟಿಗೆಗೆ, ಯಾರು ನೋಡ್ಕೋತಾರೆ?’ ಅಂತ ಕೇಳಿ ನೋಡಿ.

ಗೋಡೆ ಒಡೆಯಲು ಸಾಧ್ಯವೇ ಇಲ್ಲದ ಕಡೆ ಇನ್ನೊಂದು ವಿಧಾನವಿದೆ. ಬಾಗಿಲಿಗೆ ಜಾಲರಿಯ ಕೊಳವೆ ಕಟ್ಟಿ, ಹೊರಬಂದ ನೊಣ ಒಳಹೋಗದಂತೆ ಮಾಡಿ, ಪಕ್ಕದಲ್ಲಿ ಮರಿಯೆರಿ ಇರುವ ಪೆಟ್ಟಿಗೆ ಇಡುವುದು. ಮೊಟ್ಟೆ ನೊಣವಾಗಲು ಸುಮಾರು 3 ವಾರ ಬೇಕು, ಹಾಗಾಗಿ ಒಳಗಿನದೆಲ್ಲ ಖಾಲಿಯಾಗಲು ಒಂದು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ. ಸಾಮಾನ್ಯವಾಗಿ ರಾಣಿ ಹೊರಗೆ ಬರುವುದೇ ಇಲ್ಲ. ಎರಿಯಂತೂ ಅಲ್ಲೇ ಉಳಿಯುತ್ತದೆ. ಇದನ್ನು ‘ಒಂದೇ ದಿನದ ಕೆಲಸ’ ಅಂತ ಮಾರುವವರಿದ್ದರೆ ಅದು ಸುಳ್ಳು.

ಕೊಂಬೆಗೋ ಕಿಟಕಿಯ ಸಜ್ಜಕ್ಕೋ ದ್ರಾಕ್ಷಿ ಗೊಂಚಲಿನಂತೆ ನೊಣ ಜೋತುಬಿದ್ದಿವೆ, ಎರಿ ಕಾಣುತ್ತಿಲ್ಲ ಅಂತಾದರೆ ದುಡ್ಡು ಕೊಟ್ಟು ಯಾರನ್ನೂ ಕರೆಯುವ ಅವಸರ ಬೇಡ. ಅದು ಹಳೆ ಗೂಡಿನಿಂದ ಪಾಲಾಗಿ ಬಂದ ಹಿಂಡು, ಹೊಸ ಪೊಟರೆ ಹುಡುಕಲು ಆಳು ಕಳಿಸಿ ಕಾಯುತ್ತಿರುತ್ತದೆ. ಕೆಲವು ತಾಸಿಗೋ ಒಂದೆರಡು ದಿನಕ್ಕೋ ತಾನೇ ಹೊರಡುತ್ತದೆ. ಕಾಯಲು ಮರಿಯೂ ಇಲ್ಲ, ಜೇನೂ ಇಲ್ಲ, ಹಾಗಾಗಿ ಕೆಣಕದಿದ್ದರೆ ಸಾಧು. ಕಲ್ಲು, ನೀರು, ಬೆಂಕಿ ತೋರಿಸುವವರನ್ನು ದೂರ ಇಡಿ, ಅಷ್ಟು ಸಾಕು.

ಕೆಲಸ ನಡೆಯುವಾಗ ಮನೆಯವರು ಅಲ್ಲಿ ನಿಲ್ಲುವುದು ಬೇಡ. ಒಂದು ಚುಚ್ಚಿದರೆ ಆ ಜಾಗದಲ್ಲಿ ಕಳಿತ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ. ಅದು ಉಳಿದ ನೊಣಗಳಿಗೆ ಕರೆ, ಕೈ ಬೀಸುತ್ತ ನಿಂತರೆ ಇನ್ನಷ್ಟು ಬರುತ್ತವೆ. ಮುಖ ಮುಚ್ಚಿಕೊಂಡು ಬೇರೆ ಕೋಣೆಗೆ ಓಡಿ ಬಾಗಿಲು ಹಾಕಿ. ಕೊಂಡಿ ಚರ್ಮದಲ್ಲೇ ಕಿತ್ತುಳಿದು, ವಿಷದ ಚೀಲ ಆಮೇಲೂ ವಿಷ ಒತ್ತುತ್ತಿರುತ್ತದೆ. ಹೇಗೆ ತೆಗೆಯುವುದು ಅಂತ ಯೋಚಿಸುತ್ತ ಕೂರದೆ ಕೂಡಲೇ ತೆಗೆಯಿರಿ. ಉಸಿರು ಕಟ್ಟುವುದು, ತುಟಿ ನಾಲಗೆ ಊದುವುದು, ಮೈಯೆಲ್ಲ ದದ್ದು, ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಹಿಂದೆ ಜೇನು ಚುಚ್ಚಿದಾಗ ಹೀಗಾದವರು ಮನೆಯಲ್ಲಿದ್ದರೆ ಆ ದಿನ ಅವರನ್ನು ಬೇರೆ ಕಡೆ ಕಳಿಸಿಬಿಡಿ.

ಮೊದಲ ಸಂಸ್ಥೆಗೆ ಫೋನ್ ಮಾಡಿ ಫೋಟೊ ಕಳಿಸಿದೆ. ‘ಜೇನು ತೆಗೆಯೋದಕ್ಕೆ ತಾನೇ ಕರೆದಿದ್ದು? ಜೇನು ಈಗ ಇದೆಯಾ?’ ಅಂದರು. ಅವರ ರಸೀದಿಯಲ್ಲೂ ‘ಜೇನು ತೆರವು’ ಅಂತ ಮಾತ್ರ ಇತ್ತು. ಆದ್ದರಿಂದ ನೀವು ಕರೆಸುವವರಿಂದ ನಾಲ್ಕು ಸಾಲು ಬರೆಸಿಕೊಳ್ಳಿ: ಎರಿ ಪೂರ್ತಿ ತೆಗೆಯುವುದು, ಯಾವ ಔಷಧಿಯನ್ನೂ ಹೊಡೆಯದಿರುವುದು, ರಾಣಿ ಸಿಕ್ಕಿತೋ ಇಲ್ಲವೋ ಹೇಳುವುದು, ಕುಟುಂಬ ಹೋಗಿ ಸೇರುವ ಜಾಗ. ಗೋಡೆಗೆ ಅಂಟಿದ ಮೇಣ ಕೆರೆದು ತೊಳೆಯುವುದೂ ಅದರಲ್ಲಿರಲಿ, ಹಳೆ ಮೇಣದ ವಾಸನೆಗೆ ಮುಂದಿನ ಹಿಂಡು ಅಲ್ಲಿಗೇ ಬರುತ್ತದೆ. ಪೊಟರೆಯನ್ನೇ ತುಂಬಿಸಬೇಕು, ಬಾಯಿ ಮುಚ್ಚಿದರೆ ಸಾಲದು. ಬಿಚ್ಚಿದ ಹಲಗೆ ಮತ್ತೆ ಕೂರಿಸುವುದು ಯಾರ ಪಾಲಿಗೆ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಜೇನು ಕೃಷಿಕರು ಸಾಮಾನ್ಯವಾಗಿ ಆ ಕೆಲಸ ಮಾಡುವುದಿಲ್ಲ, ಬಡಗಿಗೆ ಬೇರೆಯಾಗಿ ಹೇಳಿಟ್ಟಿರಬೇಕಾಗುತ್ತದೆ.