೧೬ ಇಂಚಿನ ರಿಮ್ಮೋ, ೧೮ ಇಂಚಿನದೋ: ಕಚ್ಚಾ ದಾರಿಯ ವಾಹನಕ್ಕೆ ಚಕ್ರದ ಆಯ್ಕೆ

ಟೈರಿನ ಮೇಲಿನ 265/70 ಆರ್16 ಎಂಬ ಬರಹದಲ್ಲಿ 265 ಎಂದರೆ ಮಿಲಿಮೀಟರಿನಲ್ಲಿ ಅಗಲ, 70 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, 16 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. 265/70 ಆರ್16 ಮತ್ತು 265/60 ಆರ್18 ಎಂಬ ಎರಡು ಟೈರುಗಳ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಅಂದರೆ ಸುಮಾರು 776 ಮಿಲಿಮೀಟರ್. ವ್ಯತ್ಯಾಸವಿರುವುದು ಪಕ್ಕದ ಗೋಡೆಯಲ್ಲಿ: ಮೊದಲನೆಯದಕ್ಕೆ 185 ಮಿಲಿಮೀಟರ್, ಎರಡನೆಯದಕ್ಕೆ 159. ಕಲ್ಲು, ಮರಳುಗಳ ದಾರಿಯಲ್ಲಿ ಗಾಳಿಯ ಒತ್ತಡವನ್ನು ಇಳಿಸಿದಾಗ ಎತ್ತರದ ಗೋಡೆ ಚೆನ್ನಾಗಿ ಬಾಗಿ, ನೆಲವನ್ನು ತಬ್ಬುವ ಭಾಗ ಉದ್ದವಾಗುತ್ತದೆ. ಕಲ್ಲಿನ ಏಟು ರಿಮ್ಮಿಗೆ ತಗಲುವ ಸಂಭವವೂ ಕಡಿಮೆಯಾಗುತ್ತದೆ. 18 ಇಂಚಿನ ರಿಮ್ಮು ಡಾಂಬರು ರಸ್ತೆಯ ತಿರುವುಗಳಲ್ಲಿ ಹೆಚ್ಚು ಬಿಗಿಯಾಗಿ ವರ್ತಿಸುತ್ತದೆ ಮತ್ತು ದೊಡ್ಡ ಬ್ರೇಕುಗಳಿಗೆ ಜಾಗ ಕೊಡುತ್ತದೆ. ನೋಟಕ್ಕೂ ಅದೇ ಮೇಲು, ಆದರೆ ಕಲ್ಲುಗಳಿಗೆ ಅಂದದ ಗೊಡವೆಯಿಲ್ಲ. ದಾರಿಯಿಲ್ಲದ ನೆಲದಲ್ಲೇ ಹೆಚ್ಚು ಓಡಾಡುವವರಿಗೆ ನನ್ನ ಆಯ್ಕೆ 16 ಇಂಚು. ಬ್ರೇಕಿನ ಕ್ಯಾಲಿಪರಿಗೆ (ಡಿಸ್ಕನ್ನು ಅದುಮಿ ಹಿಡಿಯುವ ಭಾಗಕ್ಕೆ) ಆ ರಿಮ್ಮು ತಾಗುವುದಿಲ್ಲವೆಂದು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಅದೇ 16 ಇಂಚಿನ ರಿಮ್ಮಿಗೆ 285/75 ಟೈರು ಹಾಕಿದರೆ ಎತ್ತರ ಸುಮಾರು 834 ಮಿಲಿಮೀಟರ್ ಆಗುತ್ತದೆ. ಆದರೆ ನೆಲದಿಂದ ಆಕ್ಸಲ್ (ಚಕ್ರಗಳ ಅಚ್ಚು) ಏರುವುದು ಹೆಚ್ಚಿದ ಎತ್ತರದ ಅರ್ಧದಷ್ಟು, ಅಂದರೆ 28 ಮಿಲಿಮೀಟರ್ ಮಾತ್ರ. ಇಷ್ಟಕ್ಕಾಗಿ ಸ್ಪೀಡೋಮೀಟರ್ ಮೊದಲು ನಿಖರವಾಗಿದ್ದರೂ 100 ತೋರಿಸುವಾಗ ನಿಜವಾದ ವೇಗ 107ರಷ್ಟಿರುತ್ತದೆ, ಗೇರುಗಳ ಎಳೆತ ಕುಗ್ಗುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಇನ್ನು ಅಗಲದ ವಿಚಾರ: ತೆಳುವಾದ ಕೆಸರಿನ ಕೆಳಗೆ ಗಟ್ಟಿ ನೆಲವಿದ್ದರೆ ಕಿರಿದಾದ ಟೈರು ಅದನ್ನು ಸೀಳಿ ಹಿಡಿತ ಪಡೆಯುತ್ತದೆ, ಆಳವಾದ ಸಡಿಲ ಮರಳಿನಲ್ಲಿ ಅಗಲವಾದುದು ತೇಲಿದಂತೆ ಸಾಗುತ್ತದೆ.